ಇನ್ನೊಂದು ನೂರು ಅಡಿ: ಕೋಲಾರದ ಬೋರುಗಳು ಬತ್ತುವುದರ ಹಿಂದಿನ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ಬೋರು 1,000 ಅಡಿ ದಾಟಿತು ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. 1,500 ಅಡಿ ಇಳಿಸಿದವರೂ ಇದ್ದಾರೆ. ಜಿಲ್ಲೆಯ ತಾಲ್ಲೂಕುಗಳು ವರ್ಷಗಳಿಂದ ಅಂತರ್ಜಲದ ‘ಅತಿಬಳಕೆ’ ಪಟ್ಟಿಯಲ್ಲಿವೆ. ವರ್ಷಕ್ಕೆ ನೆಲಕ್ಕೆ ಇಂಗುವ ನೀರಿಗಿಂತ ಮೇಲೆತ್ತುವ ನೀರೇ ಹೆಚ್ಚು ಎಂಬುದು ಇದರ ಅರ್ಥ. ಇದಕ್ಕೆ ಕಾರಣ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ: ಮಳೆ ಕೈಕೊಟ್ಟಿತು, ಇಲ್ಲವೇ ರೈತರಿಗೆ ಆಸೆ ಹೆಚ್ಚಾಯಿತು. ಮಳೆ ಇಲ್ಲದ ವರ್ಷ ಸಂಕಟ ಹೆಚ್ಚುವುದು ನಿಜ, ಆದರೆ ಈ ಸೀಮೆಗೆ ಬರ ಹೊಸದಲ್ಲ. ಆಸೆಯ ಮಾತಂತೂ ನಿಲ್ಲುವುದೇ ಇಲ್ಲ. ಡೀಸೆಲ್ ಎಂಜಿನ್ ಇಟ್ಟು ನೀರು ಹಾಯಿಸುವವನು ಒಂದೊಂದು ಗಂಟೆಗೂ ಲೆಕ್ಕ ಇಡುತ್ತಾನೆ, ಸಾಲು ತುಂಬುತ್ತಿದ್ದಂತೆ ಓಡಿಹೋಗಿ ಎಂಜಿನ್ ನಿಲ್ಲಿಸುತ್ತಾನೆ. ಅದೇ ಮನುಷ್ಯ ಕರೆಂಟ್ ಮೋಟಾರ್ ಹಾಕಿಸಿದ ಮೇಲೆ ರಾತ್ರಿಯಿಡೀ ನೀರು ಹರಿದರೂ ಏಳುವುದಿಲ್ಲ. ಅವನ ಸ್ವಭಾವ ಬದಲಾಗಲಿಲ್ಲ. ಇನ್ನೊಂದು ಗಂಟೆ ನೀರೆತ್ತಲು ಅವನ ಜೇಬಿನಿಂದ ಹೋಗುವ ದುಡ್ಡು ಬದಲಾಯಿತು.

ಅರ್ಥಶಾಸ್ತ್ರ ಹೀಗೆ ಮನುಷ್ಯರ ಗುಣದೋಷ ಬಿಟ್ಟು, ಅವರ ಮುಂದಿರುವ ಲೆಕ್ಕವನ್ನು ನೋಡಲು ಕಲಿಸುತ್ತದೆ. ಬೋರ್‌ವೆಲ್ ವಿಷಯದಲ್ಲಿ ಈ ನೋಟ ತೀರಾ ಅಗತ್ಯ. ಏಕೆಂದರೆ ಇಲ್ಲಿ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಲೆಕ್ಕ ಹಾಕುತ್ತಿದ್ದಾರೆ, ಎಲ್ಲರ ಲೆಕ್ಕ ಸೇರಿದಾಗ ಊರು ಬತ್ತುತ್ತಿದೆ.

ಬಂಡೆಯೊಳಗೆ ಎಷ್ಟು ನೀರಿದೆ

ಮೊದಲು ನೀರಿನ ಲೆಕ್ಕ. ಕೋಲಾರ, ಚಿಕ್ಕಬಳ್ಳಾಪುರದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಗಟ್ಟಿ ಬಂಡೆಯಲ್ಲಿ ನೀರಿಗೆ ಜಾಗವಿಲ್ಲ. ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ ಒಂದಿಷ್ಟು ನಿಲ್ಲುತ್ತದೆ. ಇಂಥ ಶಿಥಿಲ ಪದರ ತನ್ನ ಗಾತ್ರದ ನೂರಕ್ಕೆ 1ರಿಂದ 3 ಪಾಲಿನಷ್ಟು ನೀರನ್ನಷ್ಟೇ ಬಿಟ್ಟುಕೊಡಬಲ್ಲದು. ನಡುವಿನ 2ನ್ನು ಹಿಡಿಯೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಆ ಎಕರೆಯ ಕೆಳಗೆ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ಸಿಗುವುದು 81 ಸಾವಿರ ಲೀಟರ್. ಅದೇ ಎಕರೆಗೆ ಒಂದೇ ಒಂದು ಇಂಚು ಎತ್ತರ ನೀರು ಹಾಯಿಸಲು ಬೇಕಾಗುವುದು 1.03 ಲಕ್ಷ ಲೀಟರ್. ಹೊಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿದರೆ ಹೊಲದ ಕೆಳಗೆ ಒಂದೂಕಾಲು ಮೀಟರ್, ಅಂದರೆ ನಾಲ್ಕು ಅಡಿಗೂ ಹೆಚ್ಚು ಮಟ್ಟ ಕುಸಿಯುತ್ತದೆ.

ಇನ್ನು ಮರುಪೂರಣ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುವ ಇಂಥ ನೆಲದಲ್ಲಿ ನೂರಕ್ಕೆ 8 ಪಾಲು ಕೆಳಗಿಳಿಯುತ್ತದೆ ಎಂದಿಟ್ಟುಕೊಂಡರೆ ಒಂದು ಎಕರೆಗೆ 2.27 ಲಕ್ಷ ಲೀಟರ್. ಡ್ರಿಪ್ ಹಾಕಿ ಬೆಳೆದ ಟೊಮೆಟೊಗೂ ಒಂದು ಬೆಳೆಗೆ 400 ಮಿ.ಮೀ.ನಷ್ಟು ನೀರು ಬೇಕು, ಎಕರೆಗೆ 16 ಲಕ್ಷ ಲೀಟರ್. ಭಾಗಿಸಿ ನೋಡಿ: ಏಳು ಎಕರೆಯ ಮಳೆ ಇಂಗಿದರೆ ಒಂದು ಎಕರೆ ಟೊಮೆಟೊ. ಊರಿನ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಜಾಗದಲ್ಲಿ ಟೊಮೆಟೊ ಬೆಳೆದರೆ ಉಳಿದ ನೀರು ಹಳೆಯ ದಾಸ್ತಾನಿನಿಂದಲೇ ಬರಬೇಕು. ದೊಡ್ಡ ದೊಡ್ಡ ವರದಿಗಳಲ್ಲಿ ಹುಡುಕುವ ‘ಅತಿಬಳಕೆ’ ಇಷ್ಟು ಸರಳವಾದ ಭಾಗಾಕಾರ.

ಸ್ವಿಚ್ ಯಾಕೆ ‘ಆಟೋ’ದಲ್ಲಿರುತ್ತದೆ

ಒಂದು ವಸ್ತುವನ್ನು ಎಷ್ಟು ಬಳಸಬೇಕೆಂದು ನಾವು ನಿರ್ಧರಿಸುವುದು ಅದರ ಒಟ್ಟು ಖರ್ಚು ನೋಡಿ ಅಲ್ಲ, ಇನ್ನೊಂದು ಪಾಲು ಬಳಸಿದರೆ ಬೀಳುವ ಖರ್ಚು ನೋಡಿ. ಪಠ್ಯಪುಸ್ತಕದ ಭಾಷೆಯಲ್ಲಿ ಇದು ಸೀಮಾಂತ ವೆಚ್ಚ. ಬೋರಿನ ಒಟ್ಟು ಖರ್ಚು ಲಕ್ಷಗಟ್ಟಲೆ, ಆದರೆ ಕೊರೆದು ಮೋಟಾರ್ ಇಳಿಸಿದ ಮೇಲೆ ಇನ್ನೊಂದು ಗಂಟೆ ನೀರೆತ್ತುವ ಖರ್ಚು ಸೊನ್ನೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತ. ಇಂಥ ಪಂಪ್‌ಸೆಟ್‌ಗಳು 30 ಲಕ್ಷಕ್ಕೂ ಹೆಚ್ಚಿವೆ, ಇದಕ್ಕಾಗಿ ಸರ್ಕಾರ ಕೊಡುವ ಸಹಾಯಧನ ವರ್ಷಕ್ಕೆ 10,000 ಕೋಟಿ ರೂಪಾಯಿ ದಾಟಿದೆ.

ಒಬ್ಬ ರೈತನ ಮಟ್ಟಕ್ಕೆ ಇದನ್ನು ಇಳಿಸೋಣ. ಒಂದು ಸಾವಿರ ಲೀಟರ್ ನೀರನ್ನು 200 ಮೀಟರ್ (650 ಅಡಿ) ಆಳದಿಂದ ಎತ್ತಲು ಬೇಕಾದ ಶಕ್ತಿ 0.545 ಯೂನಿಟ್. ಪಂಪು, ಮೋಟಾರ್, ಪೈಪು ಎಲ್ಲದರ ನಷ್ಟ ಸೇರಿ ದಕ್ಷತೆ ನೂರಕ್ಕೆ 40 ಎಂದರೆ 1.36 ಯೂನಿಟ್. ಒಂದು ಎಕರೆ ಟೊಮೆಟೊಗೆ 16 ಲಕ್ಷ ಲೀಟರ್ ಎತ್ತಿದರೆ 2,180 ಯೂನಿಟ್ ಹತ್ತಿರ ಆಯಿತು. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 15,000 ರೂಪಾಯಿ. ನೀರು 300 ಮೀಟರಿಗೆ ಇಳಿದರೆ ಅದೇ ಬೆಳೆಗೆ 23,000 ರೂಪಾಯಿ ಬೀಳುತ್ತದೆ. ನೀರು ಕೆಳಗೆ ಹೋದಷ್ಟೂ ದುಬಾರಿಯಾಗುತ್ತಿದೆ, ಆದರೆ ಆ ಬೆಲೆ ಹೊಲದಲ್ಲಿ ನಿಂತವನಿಗೆ ಕಾಣುವುದೇ ಇಲ್ಲ. ‘ನೀರು ಕಡಿಮೆಯಾಗುತ್ತಿದೆ, ನಿಧಾನ ಮಾಡು’ ಎಂದು ಹೇಳಬೇಕಾಗಿದ್ದ ಒಂದೇ ಒಂದು ಸೂಚನೆಯನ್ನು ನಾವು ಕಿತ್ತುಹಾಕಿದ್ದೇವೆ.

ಇದರ ಜೊತೆಗೆ ಕರೆಂಟ್ ಬರುವ ಹೊತ್ತಿನ ಸಮಸ್ಯೆ. ಪಂಪ್ ಓಡಲು ಬೇಕಾದ ತ್ರೀ ಫೇಸ್ ಪೂರೈಕೆ ದಿನಕ್ಕೆ 7 ಗಂಟೆ ಎಂಬುದು ಸರ್ಕಾರದ ಲೆಕ್ಕ. ಅದೂ ಹಗಲು ಒಂದಷ್ಟು, ರಾತ್ರಿ ಒಂದಷ್ಟು, ನಡುವೆ ಕಡಿತ. ಯಾವಾಗ ಬರುತ್ತದೋ ಗೊತ್ತಿಲ್ಲದ ಮೇಲೆ ರಾತ್ರಿ ಎರಡು ಗಂಟೆಗೆ ಹಾವು ಚೇಳಿನ ನಡುವೆ ಹೊಲಕ್ಕೆ ಹೋಗಿ ಸ್ಟಾರ್ಟರ್ ಒತ್ತುವವರು ಯಾರು? ಆಟೋ ಸ್ಟಾರ್ಟರ್ ಹಾಕಿಸಿ ಬಿಟ್ಟುಬಿಡುತ್ತಾರೆ. ಕರೆಂಟ್ ಬಂದಾಗಲೆಲ್ಲ ಮೋಟಾರ್ ತಾನೇ ಓಡುತ್ತದೆ, ಬೆಳೆಗೆ ಬೇಕಿರಲಿ ಬೇಡದಿರಲಿ. ಒಂದೇ ಫೀಡರಿನ, ಅಂದರೆ ಒಂದೇ ವಿದ್ಯುತ್ ಮಾರ್ಗದ ಮೋಟಾರುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ಹೆಚ್ಚು ಆಂಪಿಯರ್ ಎಳೆದು ವೈಂಡಿಂಗ್ ಸುಡುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಹೋಗುತ್ತದೆ. ಉಚಿತ ಕರೆಂಟಿನ ಬೆಲೆಯನ್ನು ರೈತ ರೀವೈಂಡಿಂಗ್ ಅಂಗಡಿಯಲ್ಲಿ ತೆರುತ್ತಾನೆ. ಆ ಬೆಲೆಗೆ ಅವನು ಎತ್ತಿದ ನೀರಿನೊಂದಿಗೆ ನೇರ ಸಂಬಂಧವಿಲ್ಲದ ಕಾರಣ ಅದು ನೀರನ್ನೂ ಉಳಿಸುವುದಿಲ್ಲ.

ಬಿಟ್ಟ ನೀರು ಯಾರಿಗೆ?

ಕರೆಂಟಿಗೆ ಬೆಲೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹಲವು ವಿಶ್ಲೇಷಣೆಗಳು ಇಲ್ಲಿಗೇ ನಿಲ್ಲುತ್ತವೆ. ನಿಲ್ಲಬಾರದು. ಒಂದೇ ಬಿರುಕಿನ ಜಾಲದಿಂದ ಹತ್ತು ಬೋರುಗಳು ನೀರೆತ್ತುತ್ತಿವೆ ಎಂದು ಭಾವಿಸಿ. ಅವರಲ್ಲೊಬ್ಬ ಈ ವರ್ಷ ಒಂದು ಲಕ್ಷ ಲೀಟರ್ ಎತ್ತದೆ ಬಿಟ್ಟ. ಆ ನೀರು ಅವನಿಗೆಂದು ಕಾದು ಕೂರುವುದಿಲ್ಲ. ಸರಾಸರಿಯಲ್ಲಿ ಹತ್ತರಲ್ಲಿ ಒಂದು ಪಾಲು ಅವನ ಬೋರಿಗೆ ಸಿಕ್ಕೀತು, ಉಳಿದ ಒಂಬತ್ತು ಪಾಲು ಪಕ್ಕದವರ ಪೈಪಿನಲ್ಲಿ ಮೇಲೆ ಬರುತ್ತದೆ. ಹಾಗೆಯೇ ಅವನು ಹೆಚ್ಚು ಎತ್ತಿದರೆ ಲಾಭ ಪೂರ್ತಿ ಅವನದು, ಮಟ್ಟ ಇಳಿದ ನಷ್ಟದಲ್ಲಿ ಅವನ ಪಾಲು ಹತ್ತನೇ ಒಂದು. ಅರ್ಥಶಾಸ್ತ್ರಜ್ಞರು ಬಾಹ್ಯ ಪರಿಣಾಮ ಎನ್ನುವುದು ಇದನ್ನೇ: ಮಾಡುವವನು ಒಬ್ಬ, ಅದರ ಬೆಲೆ ತೆರುವವರು ಬೇರೆಯವರು.

ಕಾನೂನೂ ಇದೇ ಲೆಕ್ಕಕ್ಕೆ ನೀರೆರೆಯಿತು. 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಜಮೀನಿನ ಒಡೆಯನಿಗೆ ಅದರಡಿಯ ನೀರನ್ನು ಎತ್ತುವ ಹಕ್ಕಿದೆ. ಜಮೀನಿಗೆ ಬದು ಇದೆ, ಸರ್ವೆ ಕಲ್ಲು ಇದೆ. ಕೆಳಗಿನ ನೀರಿಗೆ ಬದು ಇಲ್ಲ. ಎರಡನ್ನೂ ಒಂದೇ ಹಕ್ಕಿನಲ್ಲಿ ಕಟ್ಟಿದಾಗ ಯಾರು ಮೊದಲು ಎತ್ತುತ್ತಾರೋ ನೀರು ಅವರದು ಎಂದಾಯಿತು. ‘ನಾನು ಬಿಟ್ಟರೆ ಅವನು ಎತ್ತುತ್ತಾನೆ’ ಎಂಬ ಊರಿನ ಮಾತನ್ನು ನೈತಿಕ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ, ಅದು ಸರಿಯಾದ ಅಂದಾಜು. ಹೀಗಿರುವಾಗ ನೀರು ಉಳಿಸಿ ಎಂದು ಗೋಡೆ ಬರಹ ಬರೆಸುವುದರಿಂದ ಏನೂ ಆಗದು.

ಬೋರ್ ಲಾರಿಯ ಮುಂದೆ ನಿಂತಾಗ

ಈ ಪೈಪೋಟಿಯ ಕ್ರೌರ್ಯ ಕಾಣುವುದು ಬೋರು ಕೊರೆಯುವ ರಾತ್ರಿ. ಪಾಯಿಂಟ್ ನೋಡುವವರು ತೆಂಗಿನಕಾಯಿಯನ್ನೋ ಕವೆಕಡ್ಡಿಯನ್ನೋ ಹಿಡಿದು ಜಾಗ ತೋರಿಸಿ ಹೋಗಿರುತ್ತಾರೆ. ಲಾರಿ ಬರುತ್ತದೆ. ಈ ಲಾರಿಗಳಲ್ಲಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡು ಕಡೆಯವು. ಮಣ್ಣಿನ ಪದರಕ್ಕೆ ಕೇಸಿಂಗ್ ಇಳಿಸಿ ಬಂಡೆ ಕೊರೆಯಲು ಶುರು ಮಾಡುತ್ತಾರೆ. ದರ ಅಡಿ ಲೆಕ್ಕದಲ್ಲಿ, ಆಳ ಹೋದಂತೆ ಪ್ರತಿ ನೂರು ಅಡಿಗೆ ದರ ಏರುತ್ತದೆ. 300 ಅಡಿಯಾಯಿತು, ಒಣ ಧೂಳು. 600 ಅಡಿ, ಧೂಳು. 800 ಅಡಿಯಲ್ಲಿ ಸ್ವಲ್ಪ ಹಸಿ ಕಂಡಂತಾಗಿ ಮತ್ತೆ ಧೂಳು. ಲಾರಿಯವರು ಕೇಳುತ್ತಾರೆ: ‘ಇನ್ನೊಂದು ನೂರು ಅಡಿ ಹೋಗೋಣವಾ ಅಣ್ಣಾ?’

ಆ ಕ್ಷಣದ ಸರಿಯಾದ ಲೆಕ್ಕ ಹೀಗೆ. 800 ಅಡಿಗೆ ಕೊಟ್ಟ ದುಡ್ಡು ನಿಲ್ಲಿಸಿದರೂ ಬರುವುದಿಲ್ಲ, ಮುಂದುವರಿಸಿದರೂ ಬರುವುದಿಲ್ಲ. ಅದು ಮುಳುಗಿದ ವೆಚ್ಚ, ಲೆಕ್ಕದಿಂದ ಹೊರಗಿಡಬೇಕು. ಉಳಿಯುವ ಪ್ರಶ್ನೆ ಒಂದೇ: ಮುಂದಿನ ನೂರು ಅಡಿಗೆ ಎಷ್ಟು ಖರ್ಚು, ಆ ನೂರು ಅಡಿಯಲ್ಲಿ ನೀರು ಬೀಳುವ ಸಂಭವ ಎಷ್ಟು? ಗಟ್ಟಿ ಬಂಡೆಯಲ್ಲಿ ಆಳ ಹೆಚ್ಚಿದಂತೆ ಮೇಲಿನ ಭಾರಕ್ಕೆ ಬಿರುಕುಗಳು ಕಿರಿದಾಗುತ್ತವೆ, ವಿರಳವಾಗುತ್ತವೆ. ಸಂಭವ ಇಳಿಯುತ್ತಿದೆ, ಅಡಿಯ ದರ ಏರುತ್ತಿದೆ. ಹಾಗಾಗಿ ಪ್ರತಿ ನೂರು ಅಡಿಯೂ ಹಿಂದಿನದಕ್ಕಿಂತ ಕೆಟ್ಟ ವ್ಯವಹಾರ. ಮನಸ್ಸು ಮಾತ್ರ ‘ಇಷ್ಟು ಹಾಕಿದ್ದೇವೆ, ಈಗ ಬಿಡುವುದೇ?’ ಎಂದು ಎಳೆಯುತ್ತದೆ. ಲಾರಿ ಬರುವ ಮೊದಲೇ, ಬೆಳಕಿರುವಾಗ, ಮನೆಯವರೆಲ್ಲ ಕೂತು ‘ಇಷ್ಟು ಅಡಿಗೆ ನಿಲ್ಲಿಸುವುದು’ ಎಂದು ಬರೆದಿಟ್ಟುಕೊಳ್ಳುವುದು ಇದಕ್ಕೆ ನಮಗೆ ತಿಳಿದ ಒಳ್ಳೆಯ ಉಪಾಯ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಲೆಕ್ಕ ಸರಾಸರಿಯದು. ಒಂದು ಬೋರಿಗೆ ಒಂದೂವರೆ ಲಕ್ಷ, ಮೂರರಲ್ಲಿ ಒಂದಕ್ಕೆ ನೀರು ಎಂದಿಟ್ಟುಕೊಳ್ಳಿ. ಸರಾಸರಿಯಲ್ಲಿ ನಾಲ್ಕೂವರೆ ಲಕ್ಷಕ್ಕೆ ಒಂದು ನೀರಿರುವ ಬೋರು. ಆದರೆ ಒಬ್ಬ ರೈತ ಸರಾಸರಿಯಲ್ಲಿ ಬದುಕುವುದಿಲ್ಲ. ಮೂರು ಬಾರಿ ಕೊರೆಸಿ ಮೂರೂ ಫೇಲಾಗುವ ಸಂಭವ 27ರಲ್ಲಿ 8, ಅಂದರೆ ನೂರಕ್ಕೆ 30. ಇಪ್ಪತ್ತು ಎಕರೆಯವನು ಐದನೆಯದನ್ನೂ ಕೊರೆಸಿಯಾನು. ಎರಡು ಎಕರೆಯವನು ನಾಲ್ಕೂವರೆ ಲಕ್ಷವನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿಯ ಕೈಸಾಲದಲ್ಲಿ ತಂದಿದ್ದರೆ ಬಡ್ಡಿಯೇ ತಿಂಗಳಿಗೆ 13,500 ರೂಪಾಯಿ. ಬೋರಿನಲ್ಲಿ ನೀರಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ಬಡ್ಡಿ ನಿಲ್ಲುವುದಿಲ್ಲ. ಆಳದ ಪೈಪೋಟಿ ಗೆಲ್ಲುವುದು ನೀರು ಹೆಚ್ಚು ಬೇಕಾದವನಲ್ಲ, ಹೆಚ್ಚು ಸೋಲು ತಡೆದುಕೊಳ್ಳಬಲ್ಲವನು.

ಮತ್ತು ಜಮೀನೇ ಇಲ್ಲದವರು? ಅವರಿಗೆ ಉಚಿತ ಕರೆಂಟಿನ ಒಂದು ಯೂನಿಟ್ಟೂ ಹೊಲಕ್ಕೆ ಸಿಗಲಿಲ್ಲ. ಊರಿನ ಕುಡಿಯುವ ನೀರಿನ ಬೋರು ಬತ್ತಿದಾಗ ಕೊಡ ಹಿಡಿದು ಟ್ಯಾಂಕರ್ ಕಾಯುವವರು ಮಾತ್ರ ಅವರೇ. ಆಳದ ನೀರು ಬಂಡೆಯೊಂದಿಗೆ ಹೆಚ್ಚು ಕಾಲ ಇದ್ದು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಆಗ ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನಿಗೆ 5 ರೂಪಾಯಿ ಕೊಟ್ಟರೆ ಲೀಟರಿಗೆ 25 ಪೈಸೆ. ಆ ದರದಲ್ಲಿ ಒಂದು ಎಕರೆ ಟೊಮೆಟೊದ 16 ಲಕ್ಷ ಲೀಟರಿನ ಬೆಲೆ 4 ಲಕ್ಷ ರೂಪಾಯಿ. ಶುದ್ಧೀಕರಣದ ಖರ್ಚು ಬೇರೆ ಎಂಬುದು ನಿಜ, ಆದರೂ ಒಂದೇ ನೆಲದ ನೀರಿಗೆ ಕೂಲಿಯವಳು ಕೊಡುವ ಬೆಲೆಗೂ ಜಮೀನಿನವನು ಕೊಡುವ ಬೆಲೆಗೂ ಇರುವ ಈ ಅಂತರವನ್ನು ಯಾವ ರೈತಪರ ವಾದವೂ ಮುಚ್ಚಲಾರದು.

ಮದ್ದುಗಳು ಎಲ್ಲಿ ಎಡವುತ್ತವೆ

ಪರವಾನಗಿ ಮೊದಲನೆಯದು. ರಾಜ್ಯದ 1999ರ ಅಂತರ್ಜಲ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಯುವಂತಿಲ್ಲ. 2011ರ ಕಾಯ್ದೆ ಅಧಿಸೂಚಿತ ಪ್ರದೇಶಗಳಿಗೆಲ್ಲ ಅನುಮತಿ ಕಡ್ಡಾಯ ಮಾಡಿತು. ಆದರೆ ರಾತ್ರಿ ಬಂದ ಲಾರಿ ಬೆಳಗಾಗುವುದರೊಳಗೆ ನೂರಾರು ಅಡಿ ಕೊರೆದು ಹೋಗಬಲ್ಲದು, ಕಾಯಲು ಅಷ್ಟು ಸಿಬ್ಬಂದಿ ಇಲ್ಲ. ಇನ್ನೂ ದೊಡ್ಡ ತೊಡಕೆಂದರೆ ಅನುಮತಿ ತಡೆಯುವುದು ಹೊಸ ಬೋರನ್ನು, ಹಳೆಯ ಬೋರು ಎಷ್ಟು ಎತ್ತುತ್ತದೆ ಎಂಬುದನ್ನಲ್ಲ. ಮೊದಲೇ ಕೊರೆಸಿದವನಿಗೆ ಅದು ರಕ್ಷಣೆ, ತಡವಾಗಿ ಬಂದವನಿಗೆ ಬಾಗಿಲು ಮುಚ್ಚಿದಂತೆ.

ಹನಿ ನೀರಾವರಿಗೆ ರಾಜ್ಯದಲ್ಲಿ ನೂರಕ್ಕೆ 90ರವರೆಗೆ ಸಹಾಯಧನ ಸಿಕ್ಕಿದೆ. ಗಿಡಕ್ಕೆ ಲೀಟರ್ ಲೆಕ್ಕದಲ್ಲಿ ನೀರು ಉಳಿಯುವುದು ನಿಜ. ಆದರೆ ಎರಡು ಎಕರೆಗೆ ಸಾಲುತ್ತಿದ್ದ ನೀರು ಮೂರು ಎಕರೆಗೆ ಸಾಲುತ್ತದೆ ಎಂದಾಗ ಮೂರನೆಯ ಎಕರೆಗೂ ಡ್ರಿಪ್ ಪೈಪು ಎಳೆಯುವುದು ಸಹಜ. ಬೋರಿನಿಂದ ಎತ್ತುವ ಒಟ್ಟು ನೀರು ಇಳಿಯುವುದಿಲ್ಲ. ಮೊದಲು ಕಾಲುವೆಯಲ್ಲಿ ಹೆಚ್ಚಾಗಿ ನಿಂತು ಮತ್ತೆ ಇಂಗುತ್ತಿದ್ದ ಪಾಲೂ ಈಗ ಇಂಗುವುದಿಲ್ಲ. ಡ್ರಿಪ್ ರೈತನ ಆದಾಯ ಹೆಚ್ಚಿಸುವ ಒಳ್ಳೆಯ ಸಾಧನ. ಅಂತರ್ಜಲ ಉಳಿಸುವ ಯೋಜನೆ ಎಂದು ಅದನ್ನು ಕರೆಯುವುದು ತಪ್ಪು.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಶುರುವಾಯಿತು, ಯೋಜಿಸಿದ ಪ್ರಮಾಣ ದಿನಕ್ಕೆ 44 ಕೋಟಿ ಲೀಟರ್. ಕೆರೆಯಿಂದ ನೇರವಾಗಿ ಎತ್ತಬಾರದು, ಅದು ಇಂಗಿ ಬೋರುಗಳಿಗೆ ಬರಬೇಕು ಎಂಬುದು ನಿಯಮ. ನೀರಿನ ಗುಣಮಟ್ಟದ ಪ್ರಶ್ನೆ ಬೇರೆಯೇ ಚರ್ಚೆ. ಇಲ್ಲಿಯ ಮಟ್ಟಿಗೆ ಹೇಳಬೇಕಾದದ್ದು ಇಷ್ಟು: ಎತ್ತುವುದಕ್ಕೆ ಮಿತಿ ಇಲ್ಲದಿದ್ದರೆ ಮೇಲೆ ಸುರಿದ ಹೊಸ ನೀರಿಗೂ ಹಳೆಯ ಪೈಪೋಟಿಯೇ ಅನ್ವಯಿಸುತ್ತದೆ.

ಹಾಗಾದರೆ ಮೀಟರ್ ಹಾಕಿ ಬಿಲ್ ಕೊಡುವುದೇ? ಬರಗಾಲದ ಸೀಮೆಯಲ್ಲಿ ರೈತನ ಕೈಯಿಂದ ಏಕಾಏಕಿ 15,000 ರೂಪಾಯಿ ಕಿತ್ತುಕೊಳ್ಳುವುದು ಅನ್ಯಾಯ, ಅದಕ್ಕೆ ಯಾವ ಸರ್ಕಾರವೂ ಕೈಹಾಕುವುದಿಲ್ಲ. ಪಂಜಾಬ್ 2018ರಲ್ಲಿ ಬೇರೆ ದಾರಿ ಪ್ರಯತ್ನಿಸಿತು. ಒಪ್ಪಿದ ರೈತರ ಪಂಪಿಗೆ ಮೀಟರ್ ಹಾಕಿ, ಇಷ್ಟು ಯೂನಿಟ್ ನಿಮ್ಮ ಪಾಲು, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ನಿಮ್ಮ ಖಾತೆಗೆ ಎಂದಿತು. ಬಿಲ್ ಇಲ್ಲ, ಆದರೆ ಸ್ವಿಚ್ ಆನ್ ಇಟ್ಟರೆ ಗಂಟೆಗಿಷ್ಟು ಕಳೆದುಕೊಳ್ಳುತ್ತೇನೆ ಎಂಬುದು ಕಾಣತೊಡಗುತ್ತದೆ. ಸಹಾಯಧನ ಉಳಿಯುತ್ತದೆ, ಸೂಚನೆಯೂ ಮರಳುತ್ತದೆ. ನಮ್ಮಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಕೃಷಿ ಫೀಡರುಗಳನ್ನು ಮನೆಗಳ ಫೀಡರಿನಿಂದ ಬೇರ್ಪಡಿಸಿದ ಕಡೆ ಇದನ್ನು ಮಾಡುವುದು ಸುಲಭ.

ಇದರ ಮಿತಿಯನ್ನೂ ಹೇಳಬೇಕು. ಎಕರೆ ಟೊಮೆಟೊದಲ್ಲಿ 50,000 ರೂಪಾಯಿ ಉಳಿಯಬಹುದೆಂದು ಕಂಡರೆ, ಅದನ್ನು 2,180 ಯೂನಿಟ್‌ಗೆ ಹಂಚಿದಾಗ ಒಂದು ಯೂನಿಟ್‌ನ ಫಲ 23 ರೂಪಾಯಿ. ಅದರ ಮುಂದೆ 4 ರೂಪಾಯಿ ಏನೂ ಅಲ್ಲ. ವ್ಯರ್ಥವಾಗಿ ಹರಿಯುವುದು ನಿಂತೀತು, ಬೆಳೆಯ ಆಯ್ಕೆ ಬದಲಾಗದು. ಬಿಟ್ಟ ನೀರು ಪಕ್ಕದವನಿಗೆ ಹೋಗುವ ಸಮಸ್ಯೆಯೂ ಹಾಗೆಯೇ ಉಳಿಯುತ್ತದೆ. ಅದು ಒಬ್ಬೊಬ್ಬರೊಂದಿಗೆ ವ್ಯವಹರಿಸಿ ಬಗೆಹರಿಯುವಂಥದಲ್ಲ, ಹತ್ತೂ ಬೋರಿನವರು ಒಟ್ಟಿಗೆ ಕೂರಬೇಕು.

ಊರು ಕೂತು ಮಾಡುವ ಲೆಕ್ಕ

ಇದು ಸಾಧ್ಯವೇ ಎಂಬುದಕ್ಕೆ ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ಜೀವಮಾನವಿಡೀ ಉತ್ತರ ಹುಡುಕಿದರು. ಲಾಸ್ ಏಂಜಲೀಸ್ ಸುತ್ತಲಿನ ಅಂತರ್ಜಲಕ್ಕೆ ಸಮುದ್ರದ ಉಪ್ಪುನೀರು ನುಗ್ಗತೊಡಗಿದಾಗ ನೀರೆತ್ತುವವರೇ ಸೇರಿ ತಮ್ಮ ಪಾಲು ಕಡಿತಗೊಳಿಸಿಕೊಂಡದ್ದನ್ನು ಅವರು ತಮ್ಮ ಡಾಕ್ಟರೇಟ್‌ಗೆ ಅಧ್ಯಯನ ಮಾಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಅವರು ಕಂಡ ಷರತ್ತುಗಳು ಹಳೇ ಮೈಸೂರಿನ ಕೆರೆಯೂರುಗಳಿಗೆ ಹೊಸತೇನಲ್ಲ: ಯಾರು ಪಾಲುದಾರರೆಂಬುದು ಸ್ಪಷ್ಟವಿರಬೇಕು, ನಿಯಮ ಊರವರೇ ಮಾಡಬೇಕು, ಅಳೆಯುವವನು ಪಾಲುದಾರರಿಗೆ ಉತ್ತರ ಕೊಡಬೇಕು. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವಾಗ ಎಂದು ನೋಡಿಕೊಳ್ಳುತ್ತಿದ್ದ ನೀರುಗಂಟಿ ಮಾಡುತ್ತಿದ್ದದ್ದು ಇದೇ ಕೆಲಸ. ಕೆರೆಯ ನೀರು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಬೋರಿನ ನೀರು ಕಾಣುವುದಿಲ್ಲ, ಅದಕ್ಕೇ ಅಳತೆ ಬೇಕು. ಮಹಾರಾಷ್ಟ್ರದ ಹಿವರೆ ಬಜಾರ್ ವರ್ಷಕ್ಕೊಮ್ಮೆ ನೀರಿನ ಲೆಕ್ಕ ಒಪ್ಪಿಸಿ ಬೆಳೆ ನಿರ್ಧರಿಸುತ್ತದೆ, ಕಬ್ಬು ಬಾಳೆಯನ್ನೂ ನೀರಾವರಿಗೆ ಕೊಳವೆಬಾವಿಯನ್ನೂ ಊರೇ ನಿಷೇಧಿಸಿಕೊಂಡಿದೆ. 2019ರ ಡಿಸೆಂಬರ್‌ನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಪಂಚಾಯಿತಿ ಮಟ್ಟದ ನೀರಿನ ಬಜೆಟ್ಟಿಗೆ ಹಣ ಕೊಟ್ಟಿತು.

ಬಜೆಟ್ ಮಾಡುವುದು ಕಷ್ಟವಲ್ಲ. ಮೇ ಮತ್ತು ನವೆಂಬರ್‌ನಲ್ಲಿ ಊರಿನ ನಾಲ್ಕೈದು ಬಳಸದ ಬೋರುಗಳಿಗೆ ಗುರುತು ಹಾಕಿದ ಹಗ್ಗ ಇಳಿಸಿ ಮಟ್ಟ ಅಳೆಯಬೇಕು. ಶಾಲೆಯ ಮೇಲೆ ಮಳೆಮಾಪಕ ಇರಬೇಕು. 1,000 ಎಕರೆಯ ಊರು, 700 ಮಿ.ಮೀ. ಮಳೆ, ನೂರಕ್ಕೆ 8 ಇಂಗಿತು: 22.7 ಕೋಟಿ ಲೀಟರ್. 1,500 ಜನರಿಗೆ ದಿನಕ್ಕೆ 55 ಲೀಟರಿನಂತೆ ವರ್ಷಕ್ಕೆ 3 ಕೋಟಿ. 500 ದನಗಳಿಗೆ 50 ಲೀಟರಿನಂತೆ 90 ಲಕ್ಷ. ಇವನ್ನು ಮೊದಲೇ ತೆಗೆದಿಟ್ಟರೆ ಹೊಲಕ್ಕೆ ಉಳಿಯುವುದು 18.8 ಕೋಟಿ ಲೀಟರ್. ಎಲ್ಲವನ್ನೂ ಟೊಮೆಟೊಗೆ ಕೊಟ್ಟರೆ 117 ಎಕರೆ. ಮಳೆ ಹಿಂದೆಗೆದಾಗ ರಾಗಿಗೆ ಒಂದೊಂದು ಇಂಚಿನಂತೆ ಎರಡು ಸಲ ಕೊಟ್ಟರೆ 900 ಎಕರೆ ದಾಟುತ್ತದೆ. ನವೆಂಬರ್‌ನಲ್ಲಿ, ಸಸಿ ನಾಟಿ ಮಾಡುವ ಮೊದಲು, ಈ ಎರಡು ಸಂಖ್ಯೆಗಳನ್ನು ಪಂಚಾಯಿತಿ ಕಟ್ಟೆಯ ಬೋರ್ಡಿನಲ್ಲಿ ಬರೆಯಬೇಕು. 117 ಎಕರೆಯನ್ನು ಬೋರಿರುವ ಮನೆಗಳಿಗೆ ಹಂಚುವುದೋ, ಬೋರಿಲ್ಲದ ಮನೆಗೂ ಅರ್ಧ ಎಕರೆಯ ನೀರಿನ ಪಾಲು ಕೊಟ್ಟು ಅದನ್ನು ಪಕ್ಕದವರಿಗೆ ಗುತ್ತಿಗೆ ಕೊಡಲು ಬಿಡುವುದೋ ಎಂಬುದನ್ನು ಗ್ರಾಮಸಭೆ ಅದೇ ದಿನ ತೀರ್ಮಾನಿಸಬೇಕು.